ಹೊಸ ಬಾಡಿಗೆ ಕಾನೂನು ಶಿವಮೊಗ್ಗಕ್ಕೂ ಬಂತಾ? ಅಡ್ವಾನ್ಸ್, ಸೋರುವ ತಾರಸಿ, ಮುಗಿದ ಅಗ್ರಿಮೆಂಟ್ ಬಗ್ಗೆ ಕೇಳಬೇಕಿತ್ತು

ವಿನೋಬನಗರ ಮೇಲ್ಮಹಡಿ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ವಿನೋಬನಗರದಲ್ಲಿ ಮನೆ. ಕೆಳಗೆ ನಾವಿದ್ದೇವೆ, ಮೇಲಿನ ಪೋರ್ಷನ್ ಬಾಡಿಗೆಗೆ ಕೊಟ್ಟಿದ್ದೇವೆ. ತಿಂಗಳಿಗೆ 9,000, ಅಡ್ವಾನ್ಸ್ 60,000. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದಿದೆ. ಹೊಸದು ಮಾಡಿಸಿಲ್ಲ, ಬಾಡಿಗೆ ಮಾತ್ರ ಯುಪಿಐನಲ್ಲಿ ತಪ್ಪದೆ ಬರುತ್ತಿದೆ.

ಈಗ ವಾಟ್ಸಾಪಿನಲ್ಲಿ ಒಂದು ಪಟ್ಟಿ ಓಡಾಡುತ್ತಿದೆ. ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ದಾಟುವಂತಿಲ್ಲ, ಅಗ್ರಿಮೆಂಟನ್ನು 60 ದಿನದೊಳಗೆ ಆನ್‌ಲೈನ್ ನೋಂದಣಿ ಮಾಡದಿದ್ದರೆ 5,000 ದಂಡ, ರಿಪೇರಿ 30 ದಿನದಲ್ಲಿ ಆಗಬೇಕು, ಓನರ್ ಮನೆಯೊಳಗೆ ಬರುವುದಾದರೆ 24 ಗಂಟೆ ಮೊದಲು ತಿಳಿಸಬೇಕು ಅಂತೆಲ್ಲ ಇದೆ. ಬಾಡಿಗೆಯವರು ಅದನ್ನೇ ನನಗೆ ಫಾರ್ವರ್ಡ್ ಮಾಡಿ, ಉಳಿದ 42,000 ವಾಪಸ್ ಕೊಡಿ ಅಂತ ಕೇಳುತ್ತಿದ್ದಾರೆ. ಮಳೆಗಾಲದಲ್ಲಿ ಅವರ ರೂಮಿನ ಮೂಲೆಯಲ್ಲಿ ಸೋರುತ್ತದೆ, ಅದರ ಖರ್ಚು ಯಾರದ್ದು ಅನ್ನುವ ಮಾತೂ ಎದ್ದಿದೆ. ಇದರಲ್ಲಿ ನಮಗೆ ನಿಜವಾಗಿ ಅನ್ವಯಿಸುವುದು ಎಷ್ಟು? ಗೊತ್ತಿದ್ದವರು ಹೇಳಿ.

ತುಂಗಾ ದಂಡೆ

ಆ ಪಟ್ಟಿಯಲ್ಲಿರುವ ಮುಖ್ಯ ಅಂಶಗಳ ಮೂಲ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ. ಕೇಂದ್ರ ಸಂಪುಟ 2021ರ ಜೂನ್ 2ರಂದು ಅದಕ್ಕೆ ಒಪ್ಪಿಗೆ ಕೊಟ್ಟಿತು. ಹೆಸರೇ ಹೇಳುವಂತೆ ಅದೊಂದು ಮಾದರಿ, ರಾಜ್ಯಗಳು ನೋಡಿಕೊಂಡು ತಮ್ಮ ಕಾನೂನು ಮಾಡಿಕೊಳ್ಳಲಿ ಎಂದು ಕಳಿಸಿದ ಕರಡು. ನಮ್ಮ ವಿಧಾನಮಂಡಲ ಅದನ್ನು ಅಂಗೀಕರಿಸಿ ಕಾಯ್ದೆ ಮಾಡುವವರೆಗೆ ಶಿವಮೊಗ್ಗದ ಮನೆಗೆ ಅದು ತಾಗುವುದಿಲ್ಲ. ಉತ್ತರ ಪ್ರದೇಶ, ಅಸ್ಸಾಂ ಮಾಡಿಕೊಂಡಿವೆ. ತಮಿಳುನಾಡು ಅದಕ್ಕೂ ಮೊದಲೇ, 2017ರಲ್ಲಿ, ತನ್ನದೇ ಕಾಯ್ದೆ ಮಾಡಿತ್ತು, ಅಲ್ಲಿ ಅಡ್ವಾನ್ಸ್ ಮಿತಿ ಮೂರು ತಿಂಗಳು. ಕರ್ನಾಟಕ ಮಾಡಿಲ್ಲ. ಹಾಗಾಗಿ ‘ದೇಶಾದ್ಯಂತ ಜಾರಿ’ ಎಂದು ಬರೆದ ಯಾವ ಪಟ್ಟಿಯನ್ನೂ ಹಿಡಿದುಕೊಂಡು ಜಗಳಕ್ಕೆ ನಿಲ್ಲಬೇಡಿ, ನೀವೂ ಅಷ್ಟೆ, ಅವರೂ ಅಷ್ಟೆ.

ನಮ್ಮಲ್ಲಿ ಇರುವುದು ಎರಡು ದಾರಿ.

ಒಂದು, ಕರ್ನಾಟಕ ಬಾಡಿಗೆ ಕಾಯ್ದೆ 1999. ಜಾರಿಗೆ ಬಂದದ್ದು 2001ರ ಡಿಸೆಂಬರ್ 31ಕ್ಕೆ. ಇದರ 2(3)ನೇ ಕಲಮಿನಲ್ಲೇ ವಿನಾಯಿತಿಗಳಿವೆ. ಅನುಸೂಚಿಯ ಎ ಭಾಗದ ಊರುಗಳಲ್ಲಿ ತಿಂಗಳಿಗೆ 3,500 ದಾಟಿದ ಬಾಡಿಗೆ, ಉಳಿದ ಕಡೆ 2,000 ದಾಟಿದ ಬಾಡಿಗೆ ಇದ್ದರೆ ಆ ಕಟ್ಟಡ ಕಾಯ್ದೆಯ ಹೊರಗೆ. ಅಂಗಡಿ-ಮುಂಗಟ್ಟಾದರೆ 14 ಚದರ ಮೀಟರಿಗಿಂತ ದೊಡ್ಡದು ಹೊರಗೆ, ಅಂದರೆ ಸುಮಾರು 150 ಚದರ ಅಡಿ. ಇವತ್ತಿನ ಬಾಡಿಗೆಗೆ ಈ ಅಂಕಿ ಹಾಕಿ ನೋಡಿ. ಗಾಂಧಿ ಬಜಾರಿನ ಹಿಂದಿನ ಓಣಿಗಳಲ್ಲಿ ದಶಕಗಟ್ಟಲೆ ಹಳೆಯ ಬಾಡಿಗೆಗೆ ಕೂತವರನ್ನು ಬಿಟ್ಟರೆ ಒಳಗೆ ಉಳಿಯುವ ಮನೆ ತೀರಾ ಕಡಿಮೆ. ನಿಮ್ಮ 9,000ದ ಮನೆ ಎರಡು ಮಿತಿಯನ್ನೂ ದಾಟಿದೆ, ಹೊರಗೆ.

ಎರಡು, ಹಾಗೆ ಹೊರಗಿರುವ ಎಲ್ಲದಕ್ಕೂ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 105ರಿಂದ 117ನೇ ಕಲಮುಗಳು ಬಾಡಿಗೆಗೆ ಸಂಬಂಧಿಸಿದವು. ಇಲ್ಲಿ ಅಡ್ವಾನ್ಸಿಗೆ ಮಿತಿಯಿಲ್ಲ, ಬಾಡಿಗೆ ಏರಿಕೆಗೆ ಮಿತಿಯಿಲ್ಲ, 60 ದಿನದ ಆನ್‌ಲೈನ್ ನೋಂದಣಿಯಿಲ್ಲ, ಆ 5,000 ದಂಡವೂ ಇಲ್ಲ. ಈ ಕಾಯ್ದೆಯ ಬಹುಪಾಲು ‘ಬೇರೆ ಕರಾರು ಇಲ್ಲದಿದ್ದರೆ’ ಎಂಬ ಮಾತಿನ ಮೇಲೆ ನಿಂತಿದೆ. ಅಂದರೆ ನೀವಿಬ್ಬರೂ ಸಹಿ ಹಾಕಿದ ಕಾಗದವೇ ಆ ಮನೆಯ ಕಾನೂನು. ಅದರಲ್ಲಿ ಬರೆಯದೆ ಬಿಟ್ಟದ್ದಕ್ಕೆ ಮಾತ್ರ 1882ರ ಹಳೇ ನಿಯಮ ಬಂದು ಕೂರುತ್ತದೆ, ಅದು ಸಾಮಾನ್ಯವಾಗಿ ಇಬ್ಬರಿಗೂ ಹಿಡಿಸುವುದಿಲ್ಲ.

ನಿಮ್ಮ ಮುಗಿದ ಅಗ್ರಿಮೆಂಟ್ ವಿಷಯ: ಅವಧಿ ಮುಗಿದ ಮೇಲೂ ನೀವು ಬಾಡಿಗೆ ತೆಗೆದುಕೊಂಡಿದ್ದೀರಿ. 116ನೇ ಕಲಮಿನ ಪ್ರಕಾರ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆಯಾಗಿದೆ. ಅವರೇನೂ ಅಕ್ರಮವಾಗಿ ಕೂತಿಲ್ಲ, ನೀವೇನೂ ತಪ್ಪು ಮಾಡಿಲ್ಲ. 60,000 ಅಡ್ವಾನ್ಸ್ ಇಟ್ಟುಕೊಂಡದ್ದೂ ಕಾನೂನಿಗೆ ವಿರುದ್ಧವಲ್ಲ. ಅವರು ಖಾಲಿ ಮಾಡುವ ದಿನ ಲೆಕ್ಕ ಹಾಕಿ ಕೊಡಬೇಕು, ಅಷ್ಟೆ.

ಹಳೇ ಡೀಡ್ ರೈಟರ್

ಮೇಲಿನವರು ಹೇಳಿದ್ದು ಸರಿ ಇದೆ. ಕಾಗದದ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ತೊಂದರೆ ಶುರುವಾಗುವುದು ಅಲ್ಲೇ.

ಹನ್ನೊಂದು ತಿಂಗಳು ಯಾಕೆ ಅಂದರೆ, 1908ರ ನೋಂದಣಿ ಕಾಯ್ದೆಯ 17ನೇ ಕಲಮು ಒಂದು ವರ್ಷ ಮೀರಿದ ಅವಧಿಯ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಲೇಬೇಕು ಅನ್ನುತ್ತದೆ. ಅದನ್ನು ತಪ್ಪಿಸಲು ಹನ್ನೊಂದು. ಇದರಲ್ಲಿ ಮೋಸವೇನಿಲ್ಲ. ಆದರೆ ಹನ್ನೊಂದು ತಿಂಗಳ ಪತ್ರದೊಳಗೇ ‘ಮೂರು ವರ್ಷ ಖಾಲಿ ಮಾಡಿಸುವಂತಿಲ್ಲ’ ಎಂದು ಇನ್ನೊಂದು ಸಾಲು ಸೇರಿಸುವವರಿದ್ದಾರೆ. ಆಗ ನಿಜವಾದ ಅವಧಿ ಯಾವುದು ಎಂಬ ತಕರಾರಿಗೆ ನಾವೇ ಬಾಗಿಲು ತೆಗೆದಂತೆ. ಮೂರು ವರ್ಷಕ್ಕೆ ಕೊಡುವ ಮನಸ್ಸಿದ್ದರೆ ನೆಟ್ಟಗೆ ನೋಂದಣಿ ಮಾಡಿಸಿ. ನೋಟರಿ ಸೀಲು ಹಾಕಿಸಿದರೆ ನೋಂದಣಿ ಆದಂತಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ, ಕೆಂಪು ಸೀಲು ಕಂಡರೆ ಸರ್ಕಾರದ್ದೇ ಅಂದುಕೊಳ್ಳುತ್ತಾರೆ.

ಇ-ಸ್ಟಾಂಪ್ ತೆಗೆಯುವಾಗ ಗಮನಿಸಬೇಕಾದ್ದು. ಮುದ್ರಾಂಕ ಶುಲ್ಕವನ್ನು ಬಾಡಿಗೆ ಒಂದರ ಮೇಲೆ ಅಲ್ಲ, ವರ್ಷದ ಸರಾಸರಿ ಬಾಡಿಗೆ ಮತ್ತು ಅಡ್ವಾನ್ಸ್ ಎರಡನ್ನೂ ಕೂಡಿಸಿದ ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ. ನಿಮ್ಮದಾದರೆ 1,08,000ಕ್ಕೆ 60,000 ಸೇರಿ 1,68,000. ಆ ದಿನದ ದರವನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಅಥವಾ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಖಚಿತ ಮಾಡಿಕೊಳ್ಳಿ. ‘ಎಲ್ಲರೂ ನೂರರದ್ದೇ ತಗೊಳ್ಳೋದು’ ಎಂಬ ಮಾತು ಕೇಳಬೇಡಿ. ಕೌಂಟರಿನಲ್ಲಿ ಬಾಡಿಗೆ ಕರಾರು ಎಂದು ಬಿಡಿಸಿ ಹೇಳಿ. ಕರ್ನಾಟಕ ಮುದ್ರಾಂಕ ಕಾಯ್ದೆಯಲ್ಲಿ ಬಾಡಿಗೆಗೆ 30ನೇ ಅನುಚ್ಛೇದ. ಬರೀ ‘ಅಗ್ರಿಮೆಂಟ್’ ಅಂದರೆ ಬೇರೆ ಅನುಚ್ಛೇದದಲ್ಲಿ ಹೊಡೆದು ಕೊಟ್ಟುಬಿಡುತ್ತಾರೆ. ಮೊದಲನೇ ಪಕ್ಷ, ಎರಡನೇ ಪಕ್ಷ ಅಂತ ಸ್ಟಾಂಪ್ ಮೇಲಿರುವ ಹೆಸರು ಕರಾರಿನೊಳಗಿನ ಹೆಸರಿಗೆ ಇನಿಷಿಯಲ್ ಸಮೇತ ಹೊಂದಬೇಕು. ಖಾತೆ ಹೆಂಡತಿಯ ಹೆಸರಿನಲ್ಲಿದ್ದು ಗಂಡ ಸಹಿ ಹಾಕುವುದು ನಮ್ಮ ಕಡೆ ದಿನಾ ನಡೆಯುವ ತಪ್ಪು. ಖಾತೆಯಲ್ಲಿ ಯಾರಿದ್ದಾರೋ ಅವರೇ ಹಾಕಬೇಕು, ಇಲ್ಲವೇ ಅಧಿಕಾರ ಪತ್ರ ಇರಬೇಕು.

ಶುಲ್ಕ ಕಡಿಮೆಯಿದ್ದರೆ ಏನಾಗುತ್ತದೆ? ಯಾರೂ ಬಂದು ಹಿಡಿಯುವುದಿಲ್ಲ. ಆದರೆ ಕೋರ್ಟಿಗೆ ಹೋದ ದಿನ 34ನೇ ಕಲಮಿನಡಿ ಆ ಕಾಗದವನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ, ಕಡಿಮೆ ಬಿದ್ದದ್ದು ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟುವವರೆಗೆ. 400 ಉಳಿಸಿದವರು 4,400 ಕಟ್ಟಿ ಕೇಸು ಮುಂದುವರಿಸಬೇಕು. ಹಳೇ ತಾರೀಖಿಗೆ ಸ್ಟಾಂಪ್ ಕೊಡಿ ಅಂತಲೂ ಕೇಳಬೇಡಿ, ಇ-ಸ್ಟಾಂಪಿನಲ್ಲಿ ತೆಗೆದ ದಿನ, ಗಂಟೆ, ನಿಮಿಷ ಎಲ್ಲ ಇರುತ್ತದೆ.

ಗೋಪಾಳದಿಂದ

ನಾನು ಬಾಡಿಗೆಯಲ್ಲಿರುವವನು. ಹಾಗಾದರೆ ನಮಗೆ ಯಾವ ರಕ್ಷಣೆಯೂ ಇಲ್ಲವಾ? ಓನರ್ ‘ಈ ತಿಂಗಳ ಕೊನೆಗೆ ಬೀಗ ಹಾಕ್ತೀನಿ, ಕರೆಂಟು ತೆಗೆಸ್ತೀನಿ’ ಅಂದರೆ ಏನು ಮಾಡುವುದು?

ತುಂಗಾ ದಂಡೆ

ಇದೆ, ಅದೂ ಗಟ್ಟಿಯಾಗಿಯೇ ಇದೆ. ಬಾಡಿಗೆ ಬಾಕಿ ಇರಲಿ, ಅವಧಿ ಮುಗಿದಿರಲಿ, ಕೋರ್ಟಿನ ಆದೇಶವಿಲ್ಲದೆ ಓನರ್ ತಾನೇ ಬೀಗ ಜಡಿದು ಹೊರಹಾಕುವಂತಿಲ್ಲ. ಹಾಗೆ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಪಡೆಯಬಹುದು. ಆ ದಾವೆಯಲ್ಲಿ ಮಾಲೀಕ ಯಾರು ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ನೀವು ಒಳಗಿದ್ದಿರಿ, ಕಾನೂನು ಕ್ರಮವಿಲ್ಲದೆ ಹೊರಗೆ ಹಾಕಿದರು, ಇಷ್ಟು ತೋರಿಸಿದರೆ ಸಾಕು. ಹೊರಹಾಕುವ ಮೊದಲೇ ಆದರೆ ತಡೆಯಾಜ್ಞೆಗೆ ಹೋಗಬಹುದು. ಆರು ತಿಂಗಳು ದಾಟಿದರೆ ಈ ಸುಲಭದ ದಾರಿ ಮುಚ್ಚುತ್ತದೆ.

ಕರೆಂಟಿನದು: ವಿದ್ಯುತ್ ಕಾಯ್ದೆ 2003ರ 43ನೇ ಕಲಮು ಕಟ್ಟಡದ ಮಾಲೀಕ ಅಥವಾ ವಾಸವಿರುವವರು, ಯಾರು ಅರ್ಜಿ ಹಾಕಿದರೂ ಸಂಪರ್ಕ ಕೊಡಬೇಕು ಅನ್ನುತ್ತದೆ. ನೀವು ವಾಸವಿರುವವರು. ಬಾಡಿಗೆ ಕರಾರು, ಆಧಾರ್ ಇಟ್ಟುಕೊಂಡು ಮೆಸ್ಕಾಂ ಉಪವಿಭಾಗಕ್ಕೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ವಕೀಲರಿಗೆ ಕೊಡಲು ಕಷ್ಟವಾದರೆ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ, ಉಳಿದವರಿಗೆ ಆದಾಯ ಮಿತಿಯಿದೆ. ಸಹಾಯವಾಣಿ 15100. ಅಡ್ವಾನ್ಸ್ ವಾಪಸಾತಿಯಂಥ ಸಣ್ಣ ಮೊತ್ತದ ಜಗಳವನ್ನು ಕೇಸು ಹಾಕುವ ಮೊದಲೇ ಲೋಕ ಅದಾಲತ್ತಿಗೆ ಒಯ್ಯಬಹುದು.

ಆದರೆ ಒಂದು ಮಾತು. ರಕ್ಷಣೆ ಇದೆ ಅಂತ ಬಾಡಿಗೆ ನಿಲ್ಲಿಸಬೇಡಿ. ‘ಅಡ್ವಾನ್ಸಿನಲ್ಲಿ ಹಿಡ್ಕೊಳ್ಳಿ’ ಅಂತ ಕೊನೆಯ ಆರು ತಿಂಗಳು ಕಟ್ಟದೆ ಕೂತರೆ, ಕರಾರಿನಲ್ಲಿ ಹಾಗೆ ಬರೆದಿಲ್ಲದಿದ್ದರೆ, ಅದು ಬಾಕಿಯೇ.

ಆಗುಂಬೆ ಮಳೆ

ಸೋರುವ ವಿಷಯಕ್ಕೆ ಯಾರೂ ಬರಲಿಲ್ಲ. ಮಲೆನಾಡಿನಲ್ಲಿ ಬಾಡಿಗೆ ಜಗಳದ ಅರ್ಧ ಪಾಲು ಇದೇ ಮಾರಾಯ್ರೆ.

ಕಾನೂನು ಇಲ್ಲಿ ಜನ ಅಂದುಕೊಂಡಷ್ಟು ಬಾಡಿಗೆದಾರರ ಪರ ಇಲ್ಲ. 1882ರ ಕಾಯ್ದೆಯ 108ನೇ ಕಲಮು ಓದಿ ನೋಡಿ. ತನಗೆ ಗೊತ್ತಿದ್ದು ಬಾಡಿಗೆಯವರಿಗೆ ಕಾಣದಂಥ ಗಂಭೀರ ದೋಷವನ್ನು ಓನರ್ ಮೊದಲೇ ಹೇಳಬೇಕು ಅಂತಿದೆ. ರಿಪೇರಿ ಮಾಡಿಸಿಕೊಡಲೇಬೇಕು ಅಂತ ಎಲ್ಲೂ ಇಲ್ಲ. ರಿಪೇರಿಯ ಹೊಣೆ ಓನರ್ ಮೇಲೆ ಇದ್ದು, ತಿಳಿಸಿದ ಮೇಲೂ ಸೂಕ್ತ ಸಮಯದಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದಿದೆ. ಆದರೆ ಆ ‘ಹೊಣೆ’ ಬರುವುದು ಕರಾರಿನಿಂದ. ಕರಾರಿನಲ್ಲಿ ಸೋರಿಕೆ ಬಗ್ಗೆ ಒಂದು ಅಕ್ಷರವೂ ಇಲ್ಲದಿದ್ದರೆ ಇಬ್ಬರೂ ಬಕೆಟ್ ಇಟ್ಟುಕೊಂಡು ವಾದ ಮಾಡುತ್ತಿರಬೇಕು.

ಆದ್ದರಿಂದ ಮಾದರಿ ಕಾಯ್ದೆ ನಮ್ಮಲ್ಲಿ ಜಾರಿಯಿಲ್ಲ ಅಂತ ಪೂರ್ತಿ ಎಸೆಯಬೇಡಿ. ಅದರ ಎರಡನೇ ಅನುಸೂಚಿಯಲ್ಲಿ ಯಾರ ಕೆಲಸ ಯಾವುದು ಅಂತ ಚೆನ್ನಾಗಿ ಹಂಚಿದ್ದಾರೆ. ಕಟ್ಟಡದ ರಚನೆಗೆ ಸಂಬಂಧಿಸಿದ ರಿಪೇರಿ, ಸುಣ್ಣ, ಬಾಗಿಲು-ಕಿಟಕಿಯ ಬಣ್ಣ, ಅಗತ್ಯ ಬಿದ್ದಾಗ ನೀರಿನ ಪೈಪು ಬದಲಿಸುವುದು, ಒಳಗಿನ-ಹೊರಗಿನ ವೈರಿಂಗು ಓನರ್ ಕೆಲಸ. ನಲ್ಲಿ ಮತ್ತು ಅದರ ವಾಷರ್, ಮೋರಿ ಕಟ್ಟಿಕೊಂಡರೆ ಬಿಡಿಸುವುದು, ಕಮೋಡು-ಬೇಸಿನ್, ಗೀಸರ್, ಸ್ವಿಚ್ಚು-ಸಾಕೆಟ್ಟು, ಬೀಗ-ಹಿಡಿಕೆ, ಸೊಳ್ಳೆ ಜಾಲರಿ, ಕಿಟಕಿ ಗಾಜು ಬಾಡಿಗೆಯವರದ್ದು. ಅದನ್ನೇ ನಿಮ್ಮ ಕರಾರಿಗೆ ಇಳಿಸಿಕೊಳ್ಳಿ. ಇಬ್ಬರೂ ಸಹಿ ಹಾಕಿದ ಮೇಲೆ ಅದು ನಿಮ್ಮ ಮಟ್ಟಿಗೆ ಜಾರಿಯಾಯಿತು.

ನಮ್ಮ ಮಳೆಗೆ ಅಷ್ಟು ಸಾಲದು, ಇನ್ನೊಂದಷ್ಟು ಸೇರಿಸಬೇಕು. ತಾರಸಿ ಮನೆಯಾದರೆ ಏಪ್ರಿಲ್-ಮೇನಲ್ಲಿ ಓನರ್ ತಾರಸಿ ತೊಳೆಸಿ, ಬಿರುಕಿಗೆ ಪ್ಯಾಚು ಹಾಕಿಸಿ, ನೀರು ಹೋಗುವ ಪೈಪಿನ ಬಾಯಿ ನೋಡಿಸಬೇಕು ಎಂದು ತಿಂಗಳ ಹೆಸರು ಹಾಕಿಯೇ ಬರೆಯಿರಿ. ಜೂನ್ ಬಂದ ಮೇಲೆ ಯಾವ ವಾಟರ್‌ಪ್ರೂಫಿಂಗ್ ಕೆಮಿಕಲ್ಲೂ ಹಿಡಿಯುವುದಿಲ್ಲ, ಒದ್ದೆ ಕಾಂಕ್ರೀಟಿನ ಮೇಲೆ ಬಳಿದದ್ದು ಒಂದೇ ಮಳೆಗಾಲಕ್ಕೆ ಸಿಪ್ಪೆ ಎದ್ದು ಬರುತ್ತದೆ. ಮಳೆಗಾಲದ ನಡುವೆ ಪೈಪಿನ ಬಾಯಿಗೆ ಎಲೆ ತುಂಬದಂತೆ ನೋಡಿಕೊಳ್ಳುವುದು ಮೇಲೆ ವಾಸವಿರುವವರ ಕೆಲಸ ಅಂತ ಹಾಕಿ. ಎಷ್ಟೋ ಮನೆಯಲ್ಲಿ ‘ಸೋರಿಕೆ’ ಅನ್ನುವುದು ನಿಜಕ್ಕೂ ಕಟ್ಟಿಕೊಂಡ ಪೈಪಿನಿಂದ ನಿಂತ ನೀರು.

ಹೆಂಚಿನ ಮನೆಯಾದರೆ ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸುವುದು, ಒಡೆದ ಹೆಂಚು, ಲಡ್ಡಾದ ರೀಪು ಬದಲಿಸುವುದು ಓನರ್‌ದು. ಮಂಗ ಹಾರಿ ಒಡೆದ ಹೆಂಚು ಯಾರದ್ದು? ನಗಬೇಡಿ, ತೀರ್ಥಹಳ್ಳಿ, ಹೊಸನಗರ ಕಡೆ ಇದನ್ನೂ ಬರೆಯಬೇಕು. ಹತ್ತು ಹೆಂಚಿನವರೆಗೆ ಬಾಡಿಗೆಯವರು, ಮೇಲಿನದು ಓನರ್ ಅಂತಲೋ ಏನೋ ಒಂದು ಹಾಕಿ.

ಗೋಡೆಯ ಬೂಷ್ಟು. ಆಷಾಢದಲ್ಲಿ ಬಟ್ಟೆ ಒಳಗೇ ಒಣಗಿಸಬೇಕು, ಕಿಟಕಿ ತೆಗೆಯುವ ಹಾಗಿಲ್ಲ, ಕಪ್ಪು ಬೂಷ್ಟು ಬಂದೇ ಬರುತ್ತದೆ. ಇದು ಸಾಮಾನ್ಯ ಸವೆತ. 108ನೇ ಕಲಮಿನಲ್ಲೇ ಸಹಜ ಸವೆತ ಬಿಟ್ಟು ಉಳಿದದ್ದನ್ನು ಇದ್ದ ಹಾಗೇ ಒಪ್ಪಿಸಬೇಕು ಎಂದಿದೆ. ಇದಕ್ಕೆಂದು ಅಡ್ವಾನ್ಸಿನಲ್ಲಿ ಮುರಿಯುವುದು ಸರಿಯಲ್ಲ. ಆದರೆ ‘ಖಾಲಿ ಮಾಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ’ ಅಂತ ಮೊದಲೇ ಒಪ್ಪಿದ್ದರೆ ಅದು ಕರಾರು, ಕೊಡಬೇಕು. ಆಗ ಅದರ ಮೇಲೆ ಮತ್ತೆ ಬೂಷ್ಟಿಗೆ ಬೇರೆ, ಮೊಳೆ ತೂತಿಗೆ ಬೇರೆ ಅಂತ ಕೇಳುವಂತಿಲ್ಲ, ಅದನ್ನೂ ಬರೆಸಿಕೊಳ್ಳಿ.

ಸಾಗರದ ಕಡೆಯವರು

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಕಡೆ ಹಿರಿಯರಿಗೆ ಒಂದು ಹೆದರಿಕೆ, ವರ್ಷ ದಾಟಿ ಬಿಟ್ಟರೆ ಬಾಡಿಗೆಯವರಿಗೇ ಮನೆ ಹೋಗುತ್ತದೆ ಅಂತ. ಹನ್ನೆರಡು ವರ್ಷವಾದರೆ ಮುಗಿದೇ ಹೋಯಿತು ಅಂತಾರೆ. ಖಾಲಿ ಬಿದ್ದರೂ ಸರಿ, ಕೊಡಲ್ಲ ಅಂತ ಎಷ್ಟೋ ಮನೆ ಗೆದ್ದಲು ಹಿಡಿಯುತ್ತಿವೆ.

ತುಂಗಾ ದಂಡೆ

ಗೇಣಿದಾರರ ಕಾಗೋಡು ಸತ್ಯಾಗ್ರಹ ಆದ ತಾಲೂಕಿನಲ್ಲಿ ಆ ಹೆದರಿಕೆ ಇರುವುದು ಸಹಜ. ಆದರೆ ಅದು ಕೃಷಿ ಭೂಮಿಯ ಮಾತು. ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿದಾರರಿಗೆ ಭೂಮಿಯ ಹಕ್ಕು ಕೊಟ್ಟಿತು. ವಾಸದ ಮನೆಯ ಬಾಡಿಗೆಗೆ ಅಂಥ ನಿಯಮ ಇಲ್ಲವೇ ಇಲ್ಲ. ಬಾಡಿಗೆದಾರ ಓನರ್ ಅನುಮತಿಯಿಂದ ಒಳಗೆ ಬಂದವನು. ಎಷ್ಟು ವರ್ಷ ಬಾಡಿಗೆ ಕಟ್ಟುತ್ತ ಇದ್ದರೂ ಅದು ಪ್ರತಿಕೂಲ ಸ್ವಾಧೀನ, ಅಂದರೆ ಮಾಲೀಕನ ವಿರುದ್ಧ ವರ್ಷಗಟ್ಟಲೆ ಹಿಡಿದಿಟ್ಟುಕೊಂಡು ಪಡೆಯುವ ಹಕ್ಕು, ಆಗುವುದಿಲ್ಲ.

ಹನ್ನೆರಡು ವರ್ಷದ ಮಾತು ಹುಟ್ಟಿದ್ದು ಕಾಲಮಿತಿ ಕಾಯ್ದೆ 1963ರಿಂದ. ಅದರ 67ನೇ ಅನುಚ್ಛೇದದ ಪ್ರಕಾರ, ಬಾಡಿಗೆ *ಕೊನೆಗೊಂಡ* ದಿನದಿಂದ 12 ವರ್ಷದೊಳಗೆ ಓನರ್ ಸ್ವಾಧೀನಕ್ಕೆ ದಾವೆ ಹಾಕಬೇಕು. ಬಾಡಿಗೆ ನಡೆಯುತ್ತಿರುವಾಗ ಆ ಗಡಿಯಾರ ಶುರುವಾಗುವುದೇ ಇಲ್ಲ. ನೋಟಿಸ್ ಕೊಟ್ಟು ಬಾಡಿಗೆ ಮುಗಿಸಿ, ಆಮೇಲೆ ಊರು ಬಿಟ್ಟು ಮರೆತು ಕೂತವರಿಗೆ ಮಾತ್ರ ಅಪಾಯ. ಬಾಡಿಗೆ ಬಾಕಿ ವಸೂಲಿಗೆ ಮಿತಿ ಮೂರೇ ವರ್ಷ, ಅದನ್ನು ಮರೆಯಬೇಡಿ.

ಎಚ್ಚರ ಬೇಕಾದದ್ದು ಮನೆಯ ಜೊತೆ ಅಡಿಕೆ ತೋಟವನ್ನೂ ‘ನೋಡಿಕೊಂಡು ಇರಿ, ವರ್ಷಕ್ಕಿಷ್ಟು ಕೊಡಿ’ ಅಂತ ಒಪ್ಪಿಸುವಾಗ. ಅದು ಬಾಡಿಗೆಯಲ್ಲ, ಕೃಷಿ ಭೂಮಿಯ ಗೇಣಿ. ಭೂಸುಧಾರಣಾ ಕಾಯ್ದೆ ಅದನ್ನು ನಿಷೇಧಿಸಿದೆ. ಮನೆಯ ಕರಾರಿನಲ್ಲಿ ತೋಟದ ಸರ್ವೆ ನಂಬರ್ ಸೇರಿಸಲೇಬೇಡಿ.

ಗೋಪಾಳದಿಂದ

ಬಾಡಿಗೆ ಬದಲು ‘ಲೀಸ್‌ಗೆ’ ಹೋಗೋಣ ಅಂತಿದ್ದೆ. ಮೂರು ವರ್ಷಕ್ಕೆ ಐದು ಲಕ್ಷ ಕೊಟ್ಟುಬಿಟ್ಟರೆ ತಿಂಗಳ ಬಾಡಿಗೆ ಇಲ್ಲ, ಕೊನೆಗೆ ಪೂರ್ತಿ ವಾಪಸ್. ಇದಕ್ಕೆ ಎಂತ ನೋಡಬೇಕು?

ಹಳೇ ಡೀಡ್ ರೈಟರ್

ನಿಧಾನ. ನಾವು ‘ಲೀಸ್’ ಅಂತ ಕರೆಯುವ ಇದು ಕಾನೂನಿನ ಕಣ್ಣಿಗೆ ಹೆಚ್ಚಾಗಿ ಭೋಗ್ಯ. ಹಣ ಕೊಟ್ಟು, ಬಡ್ಡಿಯ ಬದಲು ಮನೆಯಲ್ಲಿ ವಾಸ. ಸ್ವತ್ತು ವರ್ಗಾವಣೆ ಕಾಯ್ದೆಯ 58 ಮತ್ತು 59ನೇ ಕಲಮಿನಂತೆ ನೂರು ರೂಪಾಯಿ ದಾಟಿದ ಇಂಥ ಅಡಮಾನ ನೋಂದಣಿಯಾಗಬೇಕು, ಇಬ್ಬರು ಸಾಕ್ಷಿ ಬೇಕು. ಜನ ಮಾಡುವುದು ನೂರು-ಇನ್ನೂರರ ಸ್ಟಾಂಪಿನಲ್ಲಿ ಒಂದು ‘ಲೀಸ್ ಅಗ್ರಿಮೆಂಟ್’. ಓನರ್ ಒಳ್ಳೆಯವನಿದ್ದಷ್ಟು ದಿನ ಅದು ನಡೆಯುತ್ತದೆ.

ನಿಜವಾದ ಅಪಾಯ ಬ್ಯಾಂಕು. ಓನರ್ ಮನೆಸಾಲ ಕಟ್ಟದೆ ಬಿಟ್ಟರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನೇ ಸ್ವಾಧೀನಕ್ಕೆ ತೆಗೆದುಕೊಳ್ಳುತ್ತದೆ. ಬ್ಯಾಂಕಿನ ಅಡಮಾನ ನಿಮ್ಮ ಕಾಗದಕ್ಕಿಂತ ಹಿಂದಿನದು, ನಿಮ್ಮದು ನೋಂದಣಿಯೂ ಆಗಿಲ್ಲ. ಐದು ಲಕ್ಷಕ್ಕೆ ಓನರ್ ಬೆನ್ನು ಹತ್ತಬೇಕು, ಮನೆ ಖಾಲಿ ಮಾಡಿಕೊಂಡು.

ಕೊಡುವ ಮೊದಲು ಹೀಗೆ ಮಾಡಿ. ಕಾವೇರಿಯಲ್ಲಿ ಕನಿಷ್ಠ ಹದಿನೈದು ವರ್ಷದ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿ. ಮೂಲ ಕ್ರಯಪತ್ರ ತೋರಿಸಿ ಅನ್ನಿ. ಜೆರಾಕ್ಸ್ ಮಾತ್ರ ಇದ್ದರೆ ಮೂಲ ಬ್ಯಾಂಕಿನಲ್ಲಿದೆ ಅಂತಲೇ ಲೆಕ್ಕ. ಬ್ಯಾಂಕಿನಲ್ಲಿ ಪತ್ರ ಇಟ್ಟು ತೆಗೆದ ಸಾಲ ಇಸಿಯಲ್ಲಿ ಕಾಣಿಸದೆಯೂ ಇರಬಹುದು, ಆದ್ದರಿಂದ ಬ್ಯಾಂಕ್ ಅಡಮಾನಗಳ ಕೇಂದ್ರ ದಾಖಲೆಯಾದ ಸೆರ್ಸೈ ಜಾಲತಾಣದಲ್ಲೂ ಸ್ವತ್ತಿನ ವಿವರ ಹಾಕಿ ಹುಡುಕಿ, ಸಣ್ಣ ಶುಲ್ಕವಿದೆ. ಮಹಾನಗರ ಪಾಲಿಕೆಯ ಕಂದಾಯ ರಸೀದಿಯಲ್ಲಿ ಯಾರ ಹೆಸರಿದೆ ನೋಡಿ. ಹಣ ಚೆಕ್ಕಿನಲ್ಲಿ ಅಥವಾ ಬ್ಯಾಂಕ್ ವರ್ಗಾವಣೆಯಲ್ಲಿ ಮಾತ್ರ. ‘ಎರಡು ಲಕ್ಷ ಅಕೌಂಟಿಗೆ, ಮೂರು ಲಕ್ಷ ಕೈಗೆ’ ಅಂದರೆ ಎದ್ದು ಬನ್ನಿ.

ಸಾಲ ಇರುವ ಮನೆಯಾದರೆ ಭೋಗ್ಯಕ್ಕೆ ಹೋಗಲೇಬೇಡಿ, ಸಾಮಾನ್ಯ ಬಾಡಿಗೆ ಸಾಕು. ಇದು ನನ್ನ ಅಭಿಪ್ರಾಯ, ಬ್ರೋಕರ್‌ಗಳು ಒಪ್ಪುವುದಿಲ್ಲ.

ದುರ್ಗಿಗುಡಿ ಲೆಕ್ಕ

ತೆರಿಗೆ ಕಡೆಯಿಂದ ಚುಟುಕಾಗಿ.

ಮೂಲ ಪ್ರಶ್ನೆ ಕೇಳಿದವರಿಗೆ: ನಿಮ್ಮ ಬಾಡಿಗೆ ವರ್ಷಕ್ಕೆ 1,08,000. ಬಾಡಿಗೆದಾರರು ಸಂಬಳದವರಾಗಿ ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ, ಅಂದರೆ ಎಚ್‌ಆರ್‌ಎ ವಿನಾಯಿತಿ ಕೇಳುವುದಾದರೆ, ವರ್ಷದ ಬಾಡಿಗೆ ಒಂದು ಲಕ್ಷ ದಾಟಿದ್ದರಿಂದ ನಿಮ್ಮ ಪ್ಯಾನ್ ನಂಬರ್ ಕೇಳುತ್ತಾರೆ. ಕೊಡಬೇಕು. ಕೊಟ್ಟ ಮೇಲೆ ನಿಮ್ಮ ರಿಟರ್ನಿನಲ್ಲೂ ಆ ಆದಾಯ ಕಾಣಬೇಕು. ಹೆದರುವಂಥದ್ದೇನಿಲ್ಲ, ನೀವು ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ 30 ಶೇಕಡಾ ನೇರವಾಗಿ ಬಿಡುತ್ತಾರೆ, ಖರ್ಚಿನ ರಸೀದಿ ಬೇಡ.

ಅಂಗಡಿ ಬಾಡಿಗೆಗೆ ಕೊಟ್ಟವರು: ಓನರ್‌ಗೆ ಜಿಎಸ್‌ಟಿ ನೋಂದಣಿ ಇಲ್ಲ, ಬಾಡಿಗೆದಾರರಿಗೆ ಇದೆ ಎಂದಾದರೆ 2024ರ ಅಕ್ಟೋಬರ್ 10ರಿಂದ ಬಾಡಿಗೆಯ ಮೇಲಿನ 18 ಶೇಕಡಾ ಜಿಎಸ್‌ಟಿಯನ್ನು ಬಾಡಿಗೆದಾರರೇ ಕಟ್ಟಬೇಕು. ಕಾಂಪೊಸಿಷನ್ ಯೋಜನೆಯಲ್ಲಿರುವ (ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ) ಸಣ್ಣ ವ್ಯಾಪಾರಿಗಳಿಗೆ ಆಮೇಲೆ ಇದರಿಂದ ಬಿಡುಗಡೆ ಕೊಟ್ಟರು. ‘ಬಾಡಿಗೆಯಲ್ಲೇ ಎಲ್ಲಾ ಸೇರಿತು’ ಎಂದು ಕರಾರಿನಲ್ಲಿ ಬರೆದಿದ್ದರೆ ಈಗಲೇ ತಿದ್ದಿಕೊಳ್ಳಿ.

ನವುಲೆ ಬಸ್ಟಾಪ್

ಗೃಹಜ್ಯೋತಿ ಬಗ್ಗೆ ಯಾರೂ ಹೇಳಲಿಲ್ಲ. ಬಾಡಿಗೆಯವರಿಗೂ ಸಿಗುತ್ತದೆ, ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ, ಆ ಮೀಟರಿನ ಹಿಂದಿನ ಸರಾಸರಿಗೆ ತಕ್ಕಂತೆ. ಅದು ಆಧಾರ್ ಮತ್ತು ಆರ್‌ಆರ್ ನಂಬರ್ ಜೋಡಣೆಯ ಮೇಲೆ ನಿಂತಿದೆ. ಹಳೇ ಬಾಡಿಗೆಯವರು ಖಾಲಿ ಮಾಡಿದ ಮೇಲೆ ಅವರ ಜೋಡಣೆ ಬಿಡಿಸದಿದ್ದರೆ ಹೊಸಬರಿಗೆ ಬರುವುದಿಲ್ಲ, ಅವರಿಗೂ ಹೊಸ ಮನೆಯಲ್ಲಿ ಬರುವುದಿಲ್ಲ. ಸೇವಾಸಿಂಧುವಿನಲ್ಲಿ ಬಿಡಿಸುವ ಸೌಲಭ್ಯ ಇದೆ. ಅಡ್ವಾನ್ಸ್ ಕೊಡುವ ದಿನವೇ, ಅವರ ಎದುರೇ, ಅವರ ಫೋನಿನ ಓಟಿಪಿ ಹಾಕಿಸಿ ಬಿಡಿಸಿಬಿಡಿ. ಹೋದ ಮೇಲೆ ಫೋನ್ ಎತ್ತುವುದಿಲ್ಲ.

ಮೇಲೆ-ಕೆಳಗೆ ಒಂದೇ ಆರ್‌ಆರ್ ನಂಬರ್ ಇದ್ದರೆ ಇಬ್ಬರದ್ದೂ ಸೇರಿ 200 ದಾಟಿ ಪೂರ್ತಿ ಬಿಲ್ಲು ಬರುತ್ತದೆ. ಮೇಲಿನ ಪೋರ್ಷನ್‌ಗೆ ಬೇರೆ ಮೀಟರ್ ಹಾಕಿಸುವುದು ಲಾಭ. ಕಟ್ಟದೆ ಉಳಿದ ಬಿಲ್ಲು ಆರ್‌ಆರ್ ನಂಬರಿಗೇ ಅಂಟಿಕೊಳ್ಳುತ್ತದೆ, ಕೊನೆಗೆ ಓನರ್ ತಲೆಗೆ ಬರುತ್ತದೆ. ಖಾಲಿ ಮಾಡುವ ದಿನ ಮೀಟರಿನ ಫೋಟೋ ಮರೆಯಬೇಡಿ.

ವಿನೋಬನಗರ ಮೇಲ್ಮಹಡಿ

ತುಂಬಾ ಉಪಕಾರವಾಯಿತು. ನಮಗೆ ಖಾಲಿ ಮಾಡಿಸುವ ಉದ್ದೇಶ ಇಲ್ಲ, ಒಳ್ಳೆಯ ಜನ. ಹೊಸ ಅಗ್ರಿಮೆಂಟ್ ಮಾಡಿ 9,500 ಮಾಡೋಣ ಅಂತ. ಹಳೆಯದು ಮುಗಿದು ಮಧ್ಯೆ ಅಗ್ರಿಮೆಂಟ್ ಇಲ್ಲದೆ ಹೋದ ತಿಂಗಳುಗಳನ್ನು ಏನು ಮಾಡುವುದು? ಅವರು ಏರಿಕೆಗೆ ಒಪ್ಪದಿದ್ದರೆ?

ತುಂಗಾ ದಂಡೆ

ಹಿಂದಿನ ತಾರೀಖು ಹಾಕಬೇಡಿ. ಸ್ಟಾಂಪ್ ತೆಗೆದ ದಿನದ್ದೇ ಹಾಕಿ, ಪೀಠಿಕೆಯಲ್ಲಿ ‘ಇಂಥ ತಾರೀಖಿನ ಕರಾರಿನ ಅವಧಿ ಮುಗಿದ ನಂತರ ತಿಂಗಳ ಬಾಡಿಗೆಯ ಮೇಲೆ ಮುಂದುವರಿದಿದ್ದು, ಇಂದಿನವರೆಗಿನ ಬಾಡಿಗೆ ಪೂರ್ತಿ ಸಂದಾಯವಾಗಿದೆ. ಹಿಂದಿನ ಅಡ್ವಾನ್ಸ್ 60,000 ಈ ಕರಾರಿಗೇ ಮುಂದುವರಿದಿದೆ’ ಎಂದು ಬರೆಯಿಸಿ. ಈ ಸಾಲು ಇಲ್ಲದೆ ಹೊಸ ಕರಾರಿನಲ್ಲಿ ಬರೀ ‘ಅಡ್ವಾನ್ಸ್ 60,000’ ಅಂತಿದ್ದರೆ, ಎರಡು ಸಲ ಕೊಟ್ಟಿದ್ದೇನೆ ಅಂತ ನಾಳೆ ಯಾರಾದರೂ ಹೇಳಬಹುದು. ಅಡ್ವಾನ್ಸ್ ಬಗ್ಗೆ ಅವರಿಗೆ ನಿಜವಾಗಿ ಕಷ್ಟವಿದ್ದರೆ 40,000ಕ್ಕೆ ಇಳಿಸಿಕೊಡಿ, ಕಾನೂನು ಅಂತಲ್ಲ, ಒಳ್ಳೆಯವರು ಸಿಗುವುದು ಕಷ್ಟ. ವಾಪಸ್ ಕೊಡುವ ಗಡುವನ್ನೂ ಹಾಕಿ: ಕೀಲಿ ಕೊಟ್ಟ ದಿನದಿಂದ 15 ದಿನ, ಮುರಿದದ್ದಕ್ಕೆ ಬಿಲ್ಲು ಸಮೇತ ಪಟ್ಟಿ.

ಏರಿಕೆ ಇಬ್ಬರೂ ಒಪ್ಪಿದರೆ ಮಾತ್ರ. ತಿಂಗಳ ಬಾಡಿಗೆಯಲ್ಲಿರುವವರಿಗೆ ನೀವೊಬ್ಬರೇ ‘ಮುಂದಿನ ತಿಂಗಳಿಂದ 9,500’ ಎಂದು ಮೆಸೇಜ್ ಹಾಕಿದರೆ ಅದು ಬಾಡಿಗೆಯಾಗುವುದಿಲ್ಲ, ಕೊಡದ 500 ಬಾಕಿಯೂ ಆಗುವುದಿಲ್ಲ. ಒಪ್ಪದಿದ್ದರೆ ನಿಮಗಿರುವ ದಾರಿ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನ, ಬಾಡಿಗೆ ಮುಗಿಸುವ ನೋಟಿಸ್. ಕರಾರಿನಲ್ಲಿ ಬೇರೆ ಅವಧಿ ಇಲ್ಲದಿದ್ದರೆ ವಾಸದ ಮನೆಗೆ 15 ದಿನ, ನೋಟಿಸ್ ಅವರ ಕೈಗೆ ತಲುಪಿದ ದಿನದಿಂದ ಲೆಕ್ಕ. ನಿಮ್ಮ ಹಳೇ ಕರಾರಿನಲ್ಲಿ ಎರಡು ತಿಂಗಳ ನೋಟಿಸ್ ಅಂತಿದ್ದರೆ ಎರಡು ತಿಂಗಳೇ ಕೊಡಿ, ಮುಂದುವರಿದ ಬಾಡಿಗೆಗೂ ಹಳೇ ಷರತ್ತು ಅಂಟಿಕೊಂಡಿದೆ ಎಂದು ವಾದ ಬರುತ್ತದೆ. ಕಾಗದದಲ್ಲಿ, ಸಹಿಯೊಂದಿಗೆ ಇರಬೇಕು, ವಾಟ್ಸಾಪನ್ನು ನಂಬಿಕೊಂಡು ಕೂರಬೇಡಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ, ಈಗ ಸ್ಪೀಡ್ ಪೋಸ್ಟಿಗೇ ನೋಂದಣಿ ಮತ್ತು ತಲುಪಿದ ಪುರಾವೆ ಸೇರಿಸಿ ಕಳಿಸಬೇಕು. ರಸೀದಿ ಮತ್ತು ಟ್ರ್ಯಾಕಿಂಗ್ ಪುಟದ ಪ್ರಿಂಟ್ ಎರಡೂ ಇಟ್ಟುಕೊಳ್ಳಿ.

ನೋಟಿಸ್ ಅವಧಿ ಮುಗಿದ ಮೇಲೆ ಯುಪಿಐನಲ್ಲಿ ಮತ್ತೆ 9,000 ಬಂದರೆ ಸುಮ್ಮನೆ ಇಟ್ಟುಕೊಳ್ಳಬೇಡಿ. 113ನೇ ಕಲಮಿನಂತೆ, ಆಮೇಲಿನ ಬಾಡಿಗೆ ಸ್ವೀಕರಿಸಿದರೆ ನೋಟಿಸ್ ಬಿಟ್ಟುಕೊಟ್ಟಿರಿ ಎಂದು ಅವರು ಹೇಳಬಹುದು. ‘ಇದನ್ನು ಬಾಡಿಗೆಯಾಗಿ ಅಲ್ಲ, ಬಳಕೆಯ ನಷ್ಟ ಪರಿಹಾರವಾಗಿ, ನೋಟಿಸಿಗೆ ಬಾಧೆಯಿಲ್ಲದಂತೆ ಪಡೆದಿದ್ದೇನೆ’ ಎಂದು ಅದೇ ದಿನ ಬರೆದು ಕಳಿಸಿ. ಆದರೂ ಮೊದಲು 9,500ರ ಕರಾರಿನ ಕರಡು ಅವರ ಕೈಗೆ ಕೊಡಿ, ಜೊತೆಗೆ ಮೇ ತಿಂಗಳೊಳಗೆ ತಾರಸಿ ಮೂಲೆ ಸರಿ ಮಾಡಿಸಿಕೊಡುವ ಸಾಲೂ ಇರಲಿ. 500ಕ್ಕೆ ಒಪ್ಪಲು ಅವರಿಗೂ ಒಂದು ಕಾರಣ ಬೇಕಲ್ಲ.